ರ‍್ಯಾಂಗ್ಲರ್ ಡಾ. ಡಿ. ಸಿ. ಪಾವಟೆ

ಉತ್ತರ ಕರ್ನಾಟಕದ ಉಚ್ಚಶಿಕ್ಷಣದ ಇತಿಹಾಸದಲ್ಲಿ ಡಾ. ದಾದಪ್ಪ ಚಿಂತಪ್ಪ ಪಾವಟೆಯವರ ಹೆಸರು ಹಿರಿದಾದುದು. ಗಣಿತದ ವಿದ್ಯಾರ್ಥಿಯಾಗಿ ಕೇಂಬ್ರಿಜ್‌ವರೆಗೆ ಹೋಗಿ ರ‍್ಯಾಂಗ್ಲರ್ ಆಗಿ ಮರಳಿದವರು, ಕಾಶಿಯಲ್ಲಿ ಗಣಿತವನ್ನು ಬೋಧಿಸಿದವರು, ಮುಂಬಯಿ ಪ್ರಾಂತದ ವಿದ್ಯಾಖಾತೆಯ ನಿರ್ದೇಶಕರಾಗಿದ್ದವರು, 1954ರಿಂದ 1967ರವರೆಗೆ ಹದಿಮೂರು ವರ್ಷ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದವರು, ಆಮೇಲೆ ಪಂಜಾಬದ ರಾಜ್ಯಪಾಲರಾಗಿ ಆ ಗಡಿರಾಜ್ಯದ ಅತ್ಯಂತ ಪ್ರಕ್ಷುಬ್ಧ ವರ್ಷಗಳನ್ನು ಕಂಡವರು. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳಿಂದ ಐವತ್ತರ ದಶಕದ ಕೊನೆಗೆ ಮತ್ತು ಅರವತ್ತರ ದಶಕದಲ್ಲಿ ಪದವಿ ಪಡೆದು ಹೊರಬಂದ ಶಿಕ್ಷಕರು, ವಕೀಲರು, ವೈದ್ಯರು ಬಹುಮಟ್ಟಿಗೆ ಅವರ ಆಡಳಿತಕಾಲದ ಪದವೀಧರರೇ. ಹಾಗಿದ್ದೂ ಈ ಭಾಗದಲ್ಲಿ ಅವರ ಹೆಸರನ್ನು ಬಲ್ಲವರು ಅನೇಕರಾದರೆ, ಅವರ ಬಾಳನ್ನು ಬಲ್ಲವರು ಕೆಲವರೇ.

ಪಾವಟೆಯವರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ, 1899ರ ಆಗಸ್ಟ್ 2ರಂದು. ಘಟಪ್ರಭೆಯ ಧುಮುಕುವಿಕೆಯಿಂದ ಪ್ರಸಿದ್ಧವಾದ ಗೋಕಾಕದ ಆಸುಪಾಸಿನಲ್ಲಿ ಆಗಲೇ ಹತ್ತಿಯ ಗಿರಣಿ ನಡೆಯುತ್ತಿದ್ದಿತಾದರೂ ಹಳ್ಳಿಗಳ ಪಾಲಿಗೆ ವಿದ್ಯೆಯೆಂಬುದು ಇನ್ನೂ ದೂರದ ಮಾತಾಗಿತ್ತು. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಈ ನಾಲ್ಕು ಕನ್ನಡ ಜಿಲ್ಲೆಗಳು ಮುಂಬಯಿ ಇಲಾಖೆಯ ದಕ್ಷಿಣದ ಅಂಚಿನಲ್ಲಿದ್ದವು. ಕಾಲೇಜು ಮೆಟ್ಟಿಲು ಹತ್ತಬೇಕೆಂಬ ಹುಡುಗನು ಪುಣೆಗೋ ಮುಂಬಯಿಗೋ ಹೋಗಬೇಕಾಗಿದ್ದಿತು. 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಕಣ್ದೆರೆದುದೂ, 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ತರುಣ ಶಿಕ್ಷಕರು ಕೂಡಿ ಕರ್ನಾಟಕ ಲಿಂಗಾಯತ ವಿದ್ಯಾಸಂಸ್ಥೆಯನ್ನು ಕಟ್ಟಿದುದೂ ಈ ಕೊರತೆಯನ್ನು ತುಂಬುವುದಕ್ಕಾಗಿಯೇ. 1917ರಲ್ಲಿ ಧಾರವಾಡಕ್ಕೆ ಕರ್ನಾಟಕ ಕಾಲೇಜು ಬಂದಿತು. ಪಾವಟೆಯವರು ಆ ಕಾಲೇಜಿನ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲೊಬ್ಬರು. ಅವರು ಹತ್ತು ವರ್ಷ ಮೊದಲು ಹುಟ್ಟಿದ್ದರೆ ಅವರ ಬಾಳು ಬೇರೆ ದಾರಿಯನ್ನೇ ಹಿಡಿಯುತ್ತಿದ್ದಿತೇನೋ.

ಅಲ್ಲಿಂದ ಅವರು ಹೋದದ್ದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಿಡ್ನಿ ಸಸೆಕ್ಸ್ ಕಾಲೇಜಿಗೆ. 1596ರಲ್ಲಿ ಸ್ಥಾಪಿತವಾದ ಈ ಕಾಲೇಜಿನಲ್ಲಿ ಒಮ್ಮೆ ಆಲಿವರ್ ಕ್ರಾಮ್‌ವೆಲ್ ಓದಿದ್ದನು. ಇಪ್ಪತ್ತರ ದಶಕದಲ್ಲಿ ಅದರ ಫೆಲೋಗಳಲ್ಲಿ ಮೋಡದ ಪೆಟ್ಟಿಗೆಯಲ್ಲಿ ಅಣುಕಣಗಳ ಜಾಡನ್ನು ಕಣ್ಣಿಗೆ ತೋರಿಸಿಕೊಟ್ಟ ಸಿ. ಟಿ. ಆರ್. ವಿಲ್ಸನ್ ಇದ್ದರು. ಅವರಿಗೆ ನೊಬೆಲ್ ಪಾರಿತೋಷಕ ದೊರೆತದ್ದು 1927ರಲ್ಲಿ. ಪಾವಟೆಯವರು ಅಲ್ಲಿ ಗಣಿತದ ಟ್ರೈಪಾಸ್ ಪರೀಕ್ಷೆಗೆ ಕುಳಿತು ರ‍್ಯಾಂಗ್ಲರ್ ಆಗಿ ತೇರ್ಗಡೆ ಹೊಂದಿದರು. ಮುಂದೆ ಅವರು ಏರಿದ ಪದವಿಗಳು ಹಲವಾದರೂ ಜನರ ಬಾಯಲ್ಲಿ ಕೊನೆಯವರೆಗೂ ನಿಂತದ್ದು ಈ ಒಂದು ಬಿರುದು. ರಾವಬಹಾದ್ದೂರ, ದಿವಾಣಬಹಾದ್ದೂರಗಳಂತೆ ರ‍್ಯಾಂಗ್ಲರ್ ಎಂಬುದೂ ಸರ್ಕಾರ ಕೊಟ್ಟ ಬಿರುದೆಂದು ತಿಳಿದವರು ಹಳ್ಳಿಗಳಲ್ಲಿ ಕಡಿಮೆಯಿರಲಿಲ್ಲ.

ಈ ಬಿರುದಿನ ಅರ್ಥವನ್ನು ಸ್ವಲ್ಪ ಬಿಡಿಸಿ ಹೇಳುವುದು ಅವಶ್ಯ. ಕೇಂಬ್ರಿಜ್‌ನಲ್ಲಿ ಪದವಿ ಪರೀಕ್ಷೆಗೆ ಟ್ರೈಪಾಸ್ ಎಂದು ಹೆಸರು. ಹಿಂದೆ ಪರೀಕ್ಷಕನು ಮೂರು ಕಾಲಿನ ಮಣೆಯ ಮೇಲೆ ಕುಳಿತು ವಿದ್ಯಾರ್ಥಿಯೊಡನೆ ವಾದ ಹೂಡುತ್ತಿದ್ದನೆಂಬುದರಿಂದ ಆ ಹೆಸರು ಬಂದಿತೆಂದು ಹೇಳುತ್ತಾರೆ. ವಾದ ಮಾಡುವವನೇ ರ‍್ಯಾಂಗ್ಲರ್. ವಾದ ಹೋಗಿ ಲಿಖಿತ ಪರೀಕ್ಷೆ ಬಂದ ಮೇಲೂ ಹೆಸರು ಉಳಿಯಿತು. ಗಣಿತದ ಟ್ರೈಪಾಸಿನಲ್ಲಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾದವರೆಲ್ಲರೂ ರ‍್ಯಾಂಗ್ಲರುಗಳೆನಿಸಿದರು. ಅವರಲ್ಲಿ ಮೊದಲಿಗನು ಸೀನಿಯರ್ ರ‍್ಯಾಂಗ್ಲರ್. ಭಾರತೀಯರಲ್ಲಿ ಮೊದಲ ರ‍್ಯಾಂಗ್ಲರ್ ಬಂಗಾಲದ ಆನಂದಮೋಹನ ಬೋಸರು, 1874ರಲ್ಲಿ. ಮೊದಲ ಸೀನಿಯರ್ ರ‍್ಯಾಂಗ್ಲರ್ ಪುಣೆಯ ರಘುನಾಥ ಪುರುಷೋತ್ತಮ ಪರಾಂಜಪೆಯವರು. ಅವರು ಆ ಸ್ಥಾನವನ್ನು ಪಡೆದ 1899ರಲ್ಲಿಯೇ ಮಮದಾಪುರದಲ್ಲಿ ಪಾವಟೆಯವರು ಜನಿಸಿದರೆಂಬುದು ಒಂದು ಸೊಗಸಾದ ಕಾಕತಾಳೀಯ. ಪರಾಂಜಪೆಯವರ ಗೆಲುವು ಮುಂಬಯಿ ಇಲಾಖೆಯ ಮನೆಮನೆಗಳಲ್ಲಿ ಮಾತಾಯಿತು. ಒಬ್ಬ ಹಿಂದೂಸ್ಥಾನದ ಹುಡುಗನು ಇಂಗ್ಲಿಷರನ್ನು ಅವರದೇ ಅಂಗಳದಲ್ಲಿ, ಅದೂ ಯಾವ ಪಕ್ಷಪಾತಕ್ಕೂ ಎಡೆಯಿಲ್ಲದ ಗಣಿತದಲ್ಲಿ, ಹಿಂದಿಕ್ಕಿದನೆಂಬ ಹೆಮ್ಮೆ ಹುಟ್ಟಿತು. ಅಂದಿನಿಂದ ಬುದ್ಧಿವಂತ ಹುಡುಗರಿಗೆ ಕೇಂಬ್ರಿಜಿನ ಗಣಿತವು ಒಂದು ಶಿಖರವಾಗಿ ತೋರತೊಡಗಿತು.

ಪಾವಟೆಯವರು ಕೇಂಬ್ರಿಜನ್ನು ಸೇರುವ ಹೊತ್ತಿಗೆ ಆ ಶಿಖರದ ಬಗ್ಗೆ ಅಲ್ಲಿಯೇ ಸಂದೇಹಗಳೆದ್ದಿದ್ದವು. 1909ರಲ್ಲಿಯೇ ಅನುಕ್ರಮ ಸಂಖ್ಯೆಯನ್ನು ಪ್ರಕಟಿಸುವ ಪದ್ಧತಿ ನಿಂತು ರ‍್ಯಾಂಗ್ಲರುಗಳ ಹೆಸರನ್ನು ಅಕಾರಾದಿಯಾಗಿ ಕೊಡತೊಡಗಿದ್ದರು. ಈ ಸುಧಾರಣೆಗಾಗಿ ಹೋರಾಡಿದವರಲ್ಲಿ ಮುಖ್ಯರು ರಾಮಾನುಜನ್ನರನ್ನು ಕೇಂಬ್ರಿಜಿಗೆ ಕರೆಸಿಕೊಂಡ ಜಿ. ಎಚ್. ಹಾರ್ಡಿಯವರು. ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಠಿಣವಾದ ಲೆಕ್ಕಗಳನ್ನು ಚಕಚಕನೆ ಬಿಡಿಸುವ ಚಾತುರ್ಯವೇ ಬೇರೆ, ಒಂದೇ ಪ್ರಶ್ನೆಯನ್ನು ವರ್ಷಗಟ್ಟಲೆ ಮನಸ್ಸಿನಲ್ಲಿ ಹೊತ್ತು ಹೊಸ ಸತ್ಯವನ್ನು ಕಾಣುವ ಸಂಶೋಧಕನ ಶಕ್ತಿಯೇ ಬೇರೆ ಎಂಬುದು ಅವರ ವಾದದ ತಿರುಳು. 1926ರಲ್ಲಿ ಇಂಗ್ಲೆಂಡಿನ ಗಣಿತ ಶಿಕ್ಷಕರ ಸಂಘದ ಅಧ್ಯಕ್ಷಪೀಠದಿಂದ ಹಾರ್ಡಿಯವರು ಟ್ರೈಪಾಸ್ ಪರೀಕ್ಷೆಯನ್ನು ತೀವ್ರವಾಗಿಯೇ ಖಂಡಿಸಿದರು. ಪಾವಟೆಯವರ ಜೀವನವನ್ನು ಅಳೆಯುವಾಗ ಈ ಭೇದವನ್ನು ಮರೆಯುವಂತಿಲ್ಲ. ಅವರ ಹೆಸರನ್ನು ಹೊತ್ತ ಪ್ರಮೇಯವೊಂದು ಗಣಿತದ ಗ್ರಂಥಗಳಲ್ಲಿ ಸಿಗಲಾರದು. ಅವರು ಗಣಿತದಲ್ಲಿ ಪಡೆದದ್ದು ಪರೀಕ್ಷೆಯ ಅತ್ಯುನ್ನತ ಮನ್ನಣೆಯನ್ನು. ಅದನ್ನು ದುಡಿಸಿದ್ದು ಬೇರೆಯ ಕ್ಷೇತ್ರದಲ್ಲಿ. ಅಭಿಮಾನದ ಭರದಲ್ಲಿ ಅವರನ್ನು ರಾಮಾನುಜನ್ನರ ಸಾಲಿನಲ್ಲಿ ಕೂಡಿಸುವ ಭಾಷಣಕಾರರು ಅವರಿಗೆ ಉಪಕಾರ ಮಾಡಿದಂತಾಗುವುದಿಲ್ಲ.

ತಾಯ್ನಾಡಿಗೆ ಮರಳಿದ ಪಾವಟೆಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತದ ಪ್ರಾಧ್ಯಾಪಕರಾದರು. ಪಂಡಿತ ಮದನಮೋಹನ ಮಾಳವೀಯರು 1916ರಲ್ಲಿ ಕಟ್ಟಿದ ಆ ವಿದ್ಯಾಪೀಠವು ದೇಶದ ನಾನಾ ಪ್ರಾಂತಗಳಿಂದ ಪ್ರತಿಭಾವಂತ ತರುಣರನ್ನು ಆರಿಸಿ ಕರೆದುಕೊಳ್ಳುತ್ತಿದ್ದಿತು. ಗಣಿತದ ಸಂಶೋಧನೆಗೆ ಆಗ ಭಾರತದಲ್ಲಿ ಇದ್ದ ನೆಲೆಗಳೇ ನಾಲ್ಕಾರು. ಕಲಕತ್ತೆಯಲ್ಲಿ ಗಣೇಶಪ್ರಸಾದರು, ಮದರಾಸಿನಲ್ಲಿ ಕೆ. ಆನಂದರಾಯರು, 1907ರಲ್ಲಿ ಹುಟ್ಟಿದ ಭಾರತೀಯ ಗಣಿತ ಸಂಘದ ಪತ್ರಿಕೆಯನ್ನು ಬಹುಕಾಲ ಸಂಪಾದಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಎಂ. ಟಿ. ನಾರಾಯಣ ಅಯ್ಯಂಗಾರ್ಯರು. ಕಾಶಿಯೂ ಅಂತಹದೊಂದು ನೆಲೆಯಾಗಬಹುದಾಗಿದ್ದಿತು, ಆಯಿತು ಕೂಡ. ಆದರೆ ಅದನ್ನು ಹಾಗೆ ಮಾಡಿದವರು ಪಾವಟೆಯವರಲ್ಲ. ಅವರು ಕೆಲ ವರ್ಷಗಳಲ್ಲಿ ಕಾಶಿಯನ್ನು ಬಿಟ್ಟು ಮುಂಬಯಿ ಪ್ರಾಂತದ ವಿದ್ಯಾಖಾತೆಯನ್ನು ಸೇರಿದರು. 1932ರಲ್ಲಿ ಆ ಗಣಿತ ವಿಭಾಗಕ್ಕೆ ಬಂದವರು ಇನ್ನೊಬ್ಬ ರ‍್ಯಾಂಗ್ಲರ್, ಕೊಲ್ಹಾಪುರದ ವಿಷ್ಣು ವಾಸುದೇವ ನಾರಳೀಕರರು. ಅವರು ಅಲ್ಲಿಯೇ ಬೇರೂರಿ ನಿಂತು ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದಲ್ಲಿ ಒಂದು ಪರಂಪರೆಯನ್ನೇ ಬೆಳೆಸಿದರು. ಅವರ ಬಳಿಗೆ ಕಲಿಯಲು ಬಂದ ಪಿ. ಸಿ. ವೈದ್ಯರು 1943ರಲ್ಲಿ ಬೆಳಕನ್ನು ಸೂಸುವ ನಕ್ಷತ್ರದ ಸುತ್ತಣ ಗುರುತ್ವಕ್ಷೇತ್ರಕ್ಕೆ ಕಂಡುಕೊಟ್ಟ ಪರಿಹಾರವು ಇಂದಿಗೂ ವೈದ್ಯರ ಹೆಸರಿನಿಂದಲೇ ಜಗತ್ತಿನಲ್ಲಿ ಬಳಕೆಯಲ್ಲಿದೆ.

ಒಂದೇ ವಿಭಾಗ, ಇಬ್ಬರು ರ‍್ಯಾಂಗ್ಲರುಗಳು, ಎರಡು ದಾರಿಗಳು. ಪಾವಟೆಯವರೂ ಕಾಶಿಯಲ್ಲಿಯೇ ಉಳಿದಿದ್ದರೆ ಏನಾಗುತ್ತಿತ್ತು ಎಂದು ಕೇಳುವ ಗಣಿತಪ್ರೇಮಿಗಳಿದ್ದಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಆ ತಲೆಮಾರಿನಲ್ಲಿ ಗಣಿತವನ್ನು ಬಿಟ್ಟು ಆಡಳಿತಕ್ಕೆ ನಡೆದವರು ಪಾವಟೆಯವರೊಬ್ಬರೇ ಅಲ್ಲ. ಪರಾಂಜಪೆಯವರು ಫರ್ಗ್ಯುಸನ್ ಕಾಲೇಜಿನ ಪ್ರಾಚಾರ್ಯರಾಗಿ, ಮಂತ್ರಿಗಳಾಗಿ ಕಾಲ ಕಳೆದರು. ರ‍್ಯಾಂಗ್ಲರ್ ಜಿ. ಎಸ್. ಮಹಾಜನಿಯವರು ರಾಜಪುತಾನಾ, ದಿಲ್ಲಿ ವಿಶ್ವವಿದ್ಯಾಲಯಗಳ ಕುಲಪತಿಗಳಾದರು. ಶಾಲೆಗಳಿಗೇ ಬಡತನವಿದ್ದ ದೇಶದಲ್ಲಿ ಕೇಂಬ್ರಿಜಿನ ಮುದ್ರೆಯೊತ್ತಿಸಿಕೊಂಡು ಬಂದವನನ್ನು ಕರಿಹಲಗೆಯ ಮುಂದೆ ಸುಮ್ಮನೆ ನಿಲ್ಲಲು ಸಮಾಜವು ಬಿಡಲಿಲ್ಲ. ಗಣಿತಕ್ಕೆ ಇದರಿಂದ ನಷ್ಟವಾಯಿತೆಂಬುದನ್ನು ಒಪ್ಪಲೇಬೇಕು. ಆ ನಷ್ಟದ ಎದುರಿಗೆ ಬಂದ ಗಳಿಕೆ ಏನೆಂಬುದನ್ನು ಧಾರವಾಡದ ಗುಡ್ಡದ ಮೇಲೆ ಕಾಣಬಹುದು.

ಮುಂಬಯಿ ವಿದ್ಯಾಖಾತೆಯಲ್ಲಿ ಪಾವಟೆಯವರ ಸೇವೆ ದೀರ್ಘವಾದುದು. ಸ್ವಾತಂತ್ರ್ಯ ಬಂದ ಕಾಲಕ್ಕೆ ಅವರು ಇಡೀ ಪ್ರಾಂತದ ವಿದ್ಯಾಖಾತೆಯ ನಿರ್ದೇಶಕರಾಗಿದ್ದರು. ಮುಂಬಯಿ ಪ್ರಾಂತವೆಂದರೆ ಆಗ ಗುಜರಾತಿನಿಂದ ಕಾರವಾರದವರೆಗೆ ಹಬ್ಬಿದ, ಗುಜರಾತಿ, ಮರಾಠಿ, ಕನ್ನಡ ಮೂರು ಭಾಷೆಗಳ ಶಾಲೆಗಳನ್ನುಳ್ಳ ನಾಡು. 1947ರ ಪ್ರಾಥಮಿಕ ಶಿಕ್ಷಣ ಕಾಯದೆಯಿಂದ ಕಡ್ಡಾಯ ಶಿಕ್ಷಣವು ಹಳ್ಳಿಹಳ್ಳಿಗೂ ಬರಬೇಕಾಯಿತು. 1948ರಲ್ಲಿ ಮುಧೋಳ, ಜಮಖಂಡಿ, ರಾಮದುರ್ಗ, ಸವಣೂರು ಮೊದಲಾದ ಸಂಸ್ಥಾನಗಳು ವಿಲೀನಗೊಂಡಾಗ ಒಂದೊಂದು ಸಂಸ್ಥಾನದ ಒಂದೊಂದು ಬಗೆಯ ಶಾಲೆ, ಸಂಬಳ, ಪಠ್ಯಕ್ರಮಗಳನ್ನು ಒಂದೇ ವ್ಯವಸ್ಥೆಗೆ ಹೊಂದಿಸಬೇಕಾಯಿತು. ಇಂತಹ ಕೆಲಸದಲ್ಲಿ ಕೀರ್ತಿ ಬರುವುದಿಲ್ಲ. ಶಿಕ್ಷಕರ ಸಂಬಳದ ಪಟ್ಟಿಯನ್ನು ಸರಿಪಡಿಸಿದವನ ಪುತ್ಥಳಿಯನ್ನು ಯಾರೂ ನಿಲ್ಲಿಸುವುದಿಲ್ಲ. ಅಂತಹ ವರ್ಷಗಳಲ್ಲಿಯೇ ಪಾವಟೆಯವರಿಗೆ ಆಡಳಿತದ ಹದ ಸಿಕ್ಕಿತೆನ್ನಬೇಕು.

ಆ ಪ್ರಾಂತದಲ್ಲಿ ಪುಣೆ, ಬಡೋದೆ, ಗುಜರಾತ, ಕರ್ನಾಟಕ ವಿಶ್ವವಿದ್ಯಾಲಯಗಳು ಹುಟ್ಟಿದ್ದೂ ಸ್ವಾತಂತ್ರ್ಯದ ಆಚೀಚಿನ ಈ ಎರಡು ಮೂರು ವರ್ಷಗಳಲ್ಲಿ. ಕರ್ನಾಟಕ ವಿಶ್ವವಿದ್ಯಾಲಯದ ಕಾಯದೆ ಆದದ್ದು 1949ರಲ್ಲಿ. ಮೊದಲಿಗೆ ಅದರ ಕಛೇರಿ ಮುಂಬಯಿಯಲ್ಲಿಯೇ ಇದ್ದು, 1950ರಲ್ಲಿ ಧಾರವಾಡಕ್ಕೆ ಬಂದಿತು. 1954ರಲ್ಲಿ ಪಾವಟೆಯವರು ಕುಲಪತಿಗಳಾಗಿ ಬಂದಾಗ ವಿಶ್ವವಿದ್ಯಾಲಯವು ಹೆಚ್ಚಾಗಿ ಪರೀಕ್ಷೆ ನಡೆಸಿ ಪದವಿ ಕೊಡುವ ಸಂಸ್ಥೆಯಾಗಿದ್ದಿತು. ಅದಕ್ಕೆ ತನ್ನದೇ ಆದ ನೆಲ, ಕಟ್ಟಡ, ಪ್ರಯೋಗಾಲಯ, ಗ್ರಂಥಾಲಯ, ಸ್ನಾತಕೋತ್ತರ ವಿಭಾಗಗಳು ಬೇಕಾಗಿದ್ದವು. ಧಾರವಾಡದ ಛೋಟಾ ಮಹಾಬಳೇಶ್ವರ ಗುಡ್ಡದ ಮೇಲೆ ಇವೆಲ್ಲವೂ ಒಂದೊಂದಾಗಿ ತಲೆಯೆತ್ತಿದವು. ಗಣಿತ, ಸಂಖ್ಯಾಶಾಸ್ತ್ರ, ರಸಾಯನಶಾಸ್ತ್ರ, ಕನ್ನಡ, ಇತಿಹಾಸ ಮೊದಲಾದ ವಿಭಾಗಗಳು ಬೆಳೆದವು. 1939ರಲ್ಲಿ ಮುಂಬಯಿ ಸರ್ಕಾರವು ಸ್ಥಾಪಿಸಿದ್ದ ಕನ್ನಡ ಸಂಶೋಧನ ಸಂಸ್ಥೆಯು ವಿಶ್ವವಿದ್ಯಾಲಯದ ಅಂಗವಾಯಿತು. ಪ್ರಸಾರಾಂಗದ ಉಪನ್ಯಾಸ ಗ್ರಂಥಮಾಲೆಯ ಸಣ್ಣ ಹೊತ್ತಗೆಗಳು ಕಡಿಮೆ ಬೆಲೆಗೆ ದೊರೆತು, ಹಳ್ಳಿಯ ಶಾಲಾ ಮಾಸ್ತರರ ಗೂಡುಗಳಲ್ಲಿಯೂ ಸ್ಥಾನ ಪಡೆದವು.

ಶೂನ್ಯಸಂಪಾದನೆಯ ಇಂಗ್ಲಿಷ್ ಅನುವಾದದ ಮೊದಲ ಸಂಪುಟವು 1965ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದಿಂದ ಹೊರಬಿದ್ದುದು ಪಾವಟೆಯವರ ಆಡಳಿತಕಾಲದ ಒಂದು ಗಮನಾರ್ಹ ಸಂಗತಿ. ಎಸ್. ಸಿ. ನಂದೀಮಠ, ಎಲ್. ಎಂ. ಎ. ಮಿನೇಜಸ್, ಆರ್. ಸಿ. ಹಿರೇಮಠ ಈ ಮೂವರ ಸಂಪಾದಕತ್ವದಲ್ಲಿ ಆರಂಭವಾಗಿ 1972ರ ಹೊತ್ತಿಗೆ ಐದು ಸಂಪುಟಗಳಲ್ಲಿ ಮುಗಿದ ಆ ಕಾರ್ಯವು ವಚನಸಾಹಿತ್ಯವನ್ನು ಕನ್ನಡ ಬಾರದ ವಿದ್ವಾಂಸರ ಮೇಜಿಗೆ ತಲುಪಿಸಿತು. ಗಣಿತ ಕಲಿತವನ ಆಡಳಿತದಲ್ಲಿ ವಿಜ್ಞಾನವೇ ಬೆಳೆದೀತು, ಸಾಹಿತ್ಯ ಒಣಗೀತು ಎಂದು ಅಂಜಿದವರಿಗೆ ಇದು ಉತ್ತರವಾಯಿತು.

ಕೊಪ್ಪಳ ಸೀಮೆಯ ಮಟ್ಟಿಗೆ ಪಾವಟೆಯವರ ಕಾಲದ ಮಹತ್ವವು 1956ರ ನವೆಂಬರ್ 1ರಿಂದ ಆರಂಭವಾಗುತ್ತದೆ. ಅದಕ್ಕೆ ಮೊದಲು ಈ ನಾಲ್ಕು ತಾಲ್ಲೂಕುಗಳು ಹೈದರಾಬಾದ ರಾಜ್ಯದಲ್ಲಿದ್ದವು. ಕೊಪ್ಪಳ, ಯಲಬುರ್ಗಾಗಳು ಬಹುಕಾಲ ಸಾಲಾರ್ ಜಂಗ್ ಮನೆತನದ ಜಾಗೀರಾಗಿದ್ದವು. ಆಡಳಿತದ ಭಾಷೆ ಉರ್ದು, ಮೇಲಿನ ತರಗತಿಗಳ ಬೋಧನೆಯೂ ಉರ್ದುವಿನಲ್ಲಿ. ಇಲ್ಲಿಯ ಹುಡುಗನಿಗೆ ಕೂಡುವುದು ಜಮಾ, ಕಳೆಯುವುದು ತಫ್ರೀಕ್, ಗುಣಿಸುವುದು ಜರಬ್, ಭಾಗಿಸುವುದು ತಕ್ಸೀಮ್. ಮನೆಯಲ್ಲಿ ಕನ್ನಡದ ಮಗ್ಗಿ, ಶಾಲೆಯಲ್ಲಿ ಉರ್ದುವಿನ ಹಿಸಾಬು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉಚ್ಚ ಗಣಿತವನ್ನು ಸಹ ಉರ್ದುವಿನಲ್ಲಿ ಬೋಧಿಸುತ್ತಿದ್ದು, ಅದಕ್ಕಾಗಿ ಭಾಷಾಂತರದ ಇಲಾಖೆಯೊಂದನ್ನೇ ತೆರೆದಿದ್ದಿತು. ದೇಶಭಾಷೆಯಲ್ಲಿ ಉಚ್ಚ ವಿಜ್ಞಾನವನ್ನು ಕಲಿಸಬಹುದೆಂದು ತೋರಿಸಿಕೊಟ್ಟ ಶ್ರೇಯಸ್ಸು ಅದಕ್ಕೆ ಸಲ್ಲಬೇಕಾದರೂ, ಆ ಭಾಷೆ ಕನ್ನಡ ಹುಡುಗರ ದೇಶಭಾಷೆಯಾಗಿರಲಿಲ್ಲವೆಂಬುದೇ ತೊಡಕು. ಗದಗವು ಕಣ್ಣಳತೆಯ ದೂರದಲ್ಲಿದ್ದರೂ ಅದು ಬೇರೆ ರಾಜ್ಯ. ಧಾರವಾಡದ ಪದವಿ ಬೇರೆ ರಾಜ್ಯದ ಪದವಿ.

ರಾಜ್ಯಗಳ ಪುನರ್ವಿಂಗಡಣೆಯೊಂದಿಗೆ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಕಾಲೇಜುಗಳು ಉಸ್ಮಾನಿಯಾದಿಂದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ವರ್ಗವಾದವು. ಹೀಗೆ ನಾಲ್ಕು ಜಿಲ್ಲೆಗಳ ವಿಶ್ವವಿದ್ಯಾಲಯವು ಒಮ್ಮೆಲೇ ಬೀದರದಿಂದ ಕಾರವಾರದವರೆಗೆ ಹರಡಿಕೊಂಡಿತು. ಎರಡು ರಾಜ್ಯಗಳ ಎರಡು ಶಿಕ್ಷಣಕ್ರಮಗಳಿಂದ ಬಂದ ವಿದ್ಯಾರ್ಥಿಗಳನ್ನು ಒಂದೇ ಪರೀಕ್ಷೆಗೆ ಕೂಡಿಸಬೇಕು. ಒಬ್ಬನು ಕನ್ನಡದಲ್ಲಿ ಬೀಜಗಣಿತ ಕಲಿತು ಬಂದವನು, ಇನ್ನೊಬ್ಬನು ಉರ್ದುವಿನಲ್ಲಿ. ಇಬ್ಬರೂ ಕಾಲೇಜಿನಲ್ಲಿ ಇಂಗ್ಲಿಷಿನಲ್ಲಿ ಉತ್ತರ ಬರೆಯಬೇಕು. ಹಿಂದುಳಿದ ಭಾಗದ ಕಾಲೇಜುಗಳು ಬಾಲ್ಯಾವಸ್ಥೆಯಲ್ಲಿವೆಯೆಂದು ರಿಯಾಯತಿ ತೋರಿದರೆ ಪದವಿಯ ಬೆಲೆ ಇಳಿಯುತ್ತದೆ, ನಿಯಮವನ್ನು ಬಿಗಿಯಾಗಿ ಹಿಡಿದರೆ ಕಾಲೇಜೇ ಮುಚ್ಚುತ್ತದೆ. ಮುಂಬಯಿ ಪ್ರಾಂತದ ವಿಲೀನದ ವರ್ಷಗಳಲ್ಲಿ ಪಡೆದ ಅನುಭವವು ಕುಲಪತಿಗಳಿಗೆ ಇಲ್ಲಿ ಒದಗಿ ಬಂದಿರಬೇಕು. 1957ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ಬಂದಿತು. 1958ರಲ್ಲಿ ಹೈದರಾಬಾದ ಕರ್ನಾಟಕ ಶಿಕ್ಷಣ ಸಂಸ್ಥೆಯು ಗುಲಬರ್ಗಾದಲ್ಲಿ ಇಂಜಿನಿಯರಿಂಗ್ ಕಾಲೇಜನ್ನೂ, 1963ರಲ್ಲಿ ವೈದ್ಯಕೀಯ ಕಾಲೇಜನ್ನೂ ತೆರೆಯಿತು. ಕುಷ್ಟಗಿಯ ಮಳೆ ಕಾಣದ ಹೊಲದ ಒಡೆಯನ ಮಗನೂ, ತುಂಗಭದ್ರೆಯ ಕಾಲುವೆ ಬಂದ ಮೇಲೆ ಬತ್ತ ಬೆಳೆಯತೊಡಗಿದ ಗಂಗಾವತಿಯ ರೈತನ ಮಗನೂ ವೈದ್ಯನೋ ಇಂಜಿನಿಯರನೋ ಆಗಬಹುದೆಂಬ ಆಸೆ ಮೊಳೆತದ್ದು ಈ ವರ್ಷಗಳಲ್ಲಿ. ಅದರ ಶ್ರೇಯಸ್ಸೆಲ್ಲವೂ ಒಬ್ಬ ಕುಲಪತಿಯದೆನ್ನುವುದು ಸರಿಯಲ್ಲ. ಭೂಮಿ ಕೊಟ್ಟ ಮಠಗಳು, ಜೋಳದ ಚೀಲ ಕೊಟ್ಟ ರೈತರು, ಅಂಗಡಿಯ ಗಲ್ಲೆಯಿಂದ ದೇಣಿಗೆ ಕೊಟ್ಟ ವರ್ತಕರು ಇದರಲ್ಲಿ ಪಾಲುದಾರರು. ಆದರೆ ಆ ದಾನಗಳಿಗೆ ಪದವಿಯ ರೂಪ ಕೊಟ್ಟದ್ದು ವಿಶ್ವವಿದ್ಯಾಲಯ.

ಹದಿಮೂರು ವರ್ಷ ಒಂದೇ ಪೀಠದಲ್ಲಿರುವುದು ಸಾಮಾನ್ಯ ಸಂಗತಿಯಲ್ಲ. ಅದೇ ಕಾಲದಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಕುವೆಂಪು ಅವರು ಕುಲಪತಿಗಳಾಗಿದ್ದುದು 1956ರಿಂದ 1960ರವರೆಗೆ ಮಾತ್ರ. ಅಷ್ಟು ದೀರ್ಘವಾದ ಅಧಿಕಾರವು ಒಂದು ಸಂಸ್ಥೆಯನ್ನು ಒಬ್ಬ ವ್ಯಕ್ತಿಯ ನೆರಳಿನಲ್ಲಿರಿಸುವ ಅಪಾಯವುಂಟು. ಆದರೆ ಗುಡ್ಡದ ಮೇಲೆ ಏನೂ ಇಲ್ಲದಲ್ಲಿ ಎಲ್ಲವನ್ನೂ ಕಟ್ಟಬೇಕಾದಾಗ ಮೂರು ವರ್ಷಕ್ಕೊಬ್ಬರು ಬದಲಾಗುವ ಪದ್ಧತಿಯಿಂದ ಅದು ಸಾಧ್ಯವಾಗುತ್ತಿತ್ತೇ ಎಂಬುದೂ ವಿಚಾರಣೀಯ. ತಮ್ಮ ಅನುಭವಗಳನ್ನು ಪಾವಟೆಯವರು 1964ರಲ್ಲಿ ಶಿಕ್ಷಣಾಡಳಿತಗಾರನೊಬ್ಬನ ನೆನಪುಗಳೆಂಬ ಅರ್ಥದ ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಗ್ರಂಥವಾಗಿಸಿದರು. ಆ ಶೀರ್ಷಿಕೆಯಲ್ಲಿ ಅವರು ತಮ್ಮನ್ನು ಗಣಿತಜ್ಞನೆಂದು ಕರೆದುಕೊಳ್ಳಲಿಲ್ಲವೆಂಬುದು ಗಮನಿಸತಕ್ಕದ್ದು. 1967ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣವನ್ನಿತ್ತು ಗೌರವಿಸಿತು.

ಅದೇ ವರ್ಷದ ಅಕ್ಟೋಬರ್ 16ರಂದು ಅವರು ಪಂಜಾಬದ ರಾಜ್ಯಪಾಲರಾದರು. ವಯಸ್ಸು ಅರವತ್ತೆಂಟು. 1966ರಲ್ಲಿ ಹರಿಯಾಣವು ಬೇರೆಯಾಗಿ, ಪಂಜಾಬವು ಹೊಸ ಗಡಿಗಳೊಡನೆ ನಿಂತಿತ್ತು. ಯಾವ ಪಕ್ಷಕ್ಕೂ ಗಟ್ಟಿಯಾದ ಬಹುಮತವಿರಲಿಲ್ಲ; ಶಾಸಕರು ಪಕ್ಷದಿಂದ ಪಕ್ಷಕ್ಕೆ ಹಾರುತ್ತಿದ್ದರು. ಪಾವಟೆಯವರು ಬಂದ ಒಂದೇ ತಿಂಗಳಲ್ಲಿ ಗುರ್ನಾಮ್ ಸಿಂಗರ ಸರ್ಕಾರ ಉರುಳಿ ಲಛ್ಮನ್ ಸಿಂಗ್ ಗಿಲ್ಲರು ಮುಖ್ಯಮಂತ್ರಿಗಳಾದರು. ಅವರ ಎದುರಿಗೆ ಬಂದ ದೊಡ್ಡ ಪರೀಕ್ಷೆ 1968ರ ಮಾರ್ಚ್ ತಿಂಗಳಿನದು. ಆಯವ್ಯಯದ ಅಧಿವೇಶನ ನಡೆದಿದ್ದಾಗ ಸಭಾಧ್ಯಕ್ಷರ ಮೇಲೆಯೇ ಅವಿಶ್ವಾಸದ ಸೂಚನೆ ಬಂದಿತು. ಗದ್ದಲದ ಕಾರಣ ಕೊಟ್ಟು ಸಭಾಧ್ಯಕ್ಷರು ಮಾರ್ಚ್ 7ರಂದು ಸಭೆಯನ್ನು ಎರಡು ತಿಂಗಳ ಮಟ್ಟಿಗೆ ಮುಂದೂಡಿಬಿಟ್ಟರು. ಆರ್ಥಿಕ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಅಷ್ಟರೊಳಗೆ ಸಭೆಯ ಒಪ್ಪಿಗೆ ದೊರೆಯದಿದ್ದರೆ ಏಪ್ರಿಲ್ 1ರಿಂದ ರಾಜ್ಯದ ಬೊಕ್ಕಸದಿಂದ ಒಂದು ಪೈಯನ್ನೂ ತೆಗೆಯುವಂತಿಲ್ಲ: ಶಿಕ್ಷಕರಿಗೆ ಸಂಬಳವಿಲ್ಲ, ಆಸ್ಪತ್ರೆಗೆ ಔಷಧವಿಲ್ಲ.

ಸಭಾಧ್ಯಕ್ಷರ ಆಜ್ಞೆಯನ್ನು ರದ್ದುಪಡಿಸುವ ಅಧಿಕಾರ ರಾಜ್ಯಪಾಲರಿಗಿಲ್ಲ. ಆದರೆ ಅಧಿವೇಶನವನ್ನೇ ಮುಕ್ತಾಯಗೊಳಿಸಿ ಹೊಸದಾಗಿ ಕರೆಯುವ ಅಧಿಕಾರವುಂಟು. 174ನೆಯ ಅನುಚ್ಛೇದವು ಅದನ್ನು ಕೊಟ್ಟಿದೆ. ಅಧಿವೇಶನ ಮುಕ್ತಾಯವಾದೊಡನೆ ಅಧ್ಯಾದೇಶ ಹೊರಡಿಸುವ ಅಧಿಕಾರವೂ ಬರುತ್ತದೆ. ಆರ್ಥಿಕ ವಿಷಯಗಳನ್ನು ಸಕಾಲದಲ್ಲಿ ಮುಗಿಸುವುದಕ್ಕಾಗಿ ಸಭೆಯ ನಡಾವಳಿಯನ್ನು ಕಾನೂನಿನಿಂದ ನಿಯಂತ್ರಿಸಬಹುದೆಂದು 209ನೆಯ ಅನುಚ್ಛೇದವು ಹೇಳುತ್ತದೆ. ಒಂದರ ಮೇಲೊಂದು ಹೆಜ್ಜೆಯನ್ನಿಟ್ಟರೆ ಮಾತ್ರ ಗುರಿ ಮುಟ್ಟುವ ಸ್ಥಿತಿ. ಮಾರ್ಚ್ 11ರಂದು ರಾಜ್ಯಪಾಲರು ಅಧಿವೇಶನವನ್ನು ಮುಕ್ತಾಯಗೊಳಿಸಿದರು. 13ರಂದು ಅಧ್ಯಾದೇಶ ಹೊರಟಿತು. 18ರಂದು ಸಭೆ ಮತ್ತೆ ಸೇರಬೇಕೆಂದು ಕರೆ ಹೋಯಿತು. ಆ ದಿನ ಸಭಾಧ್ಯಕ್ಷರು ಇದೆಲ್ಲವೂ ಅಕ್ರಮವೆಂದು ಸಾರಿ ಹೊರಟುಹೋದರೂ, ಉಪಸಭಾಧ್ಯಕ್ಷರ ನೇತೃತ್ವದಲ್ಲಿ ಧನವಿನಿಯೋಗ ಮಸೂದೆಗಳು ಅಂಗೀಕೃತವಾದವು. ವಿಷಯವು ನ್ಯಾಯಾಲಯಕ್ಕೆ ಹೋಯಿತು. ಮೇ ತಿಂಗಳಲ್ಲಿ ಪಂಜಾಬ ಮತ್ತು ಹರಿಯಾಣ ಉಚ್ಚ ನ್ಯಾಯಾಲಯವು ಆ ಕಾಯದೆಗಳನ್ನು ಅಸಿಂಧುವೆಂದಿತು. ಸರ್ವೋಚ್ಚ ನ್ಯಾಯಾಲಯವು ಜುಲೈ 30ರಂದು ಆ ತೀರ್ಪನ್ನು ತಳ್ಳಿಹಾಕಿ ರಾಜ್ಯಪಾಲರ ಕ್ರಮಗಳೆಲ್ಲವೂ ಸಂವಿಧಾನಬದ್ಧವೆಂದು ಎತ್ತಿಹಿಡಿಯಿತು. ಪಂಜಾಬ ರಾಜ್ಯ ಮತ್ತು ಸತ್ಯಪಾಲ ಡಾಂಗರ ನಡುವಣ ಈ ಮೊಕದ್ದಮೆಯನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಇಂತಹ ಕ್ರಮಗಳಿಂದ ರಾಜ್ಯಪಾಲರ ಅಧಿಕಾರವು ಸಭೆಯ ಅಧಿಕಾರಕ್ಕಿಂತ ಮೇಲಾಗುವುದೆಂಬ ಆಕ್ಷೇಪಣೆಗೆ ಬೆಲೆಯಿಲ್ಲವೆಂದಲ್ಲ. ಆದರೆ ದಿನಗಳನ್ನೆಣಿಸಿ, ಕೈಯಲ್ಲಿರುವ ನಿಯಮಗಳಿಂದಲೇ ಬಿಡಿಸಬೇಕಾಗಿದ್ದ ಆ ಸಮಸ್ಯೆಗೆ ಮಾರ್ಚ್ 31ರೊಳಗೆ ಉತ್ತರ ದೊರೆಯಿತು.

ಮುಂದಿನ ವರ್ಷಗಳೂ ಸುಲಭದವಾಗಿರಲಿಲ್ಲ. ರಾಷ್ಟ್ರಪತಿ ಆಳ್ವಿಕೆ, 1969ರ ಚುನಾವಣೆ, ಚಂಡೀಗಢ ಪಂಜಾಬಕ್ಕೆ ಸೇರಬೇಕೆಂದು ಉಪವಾಸ ಕುಳಿತ ದರ್ಶನ್ ಸಿಂಗ್ ಫೇರುಮಾನರ ಅದೇ ಅಕ್ಟೋಬರದ ಮರಣ, 1971ರಲ್ಲಿ ಪ್ರಕಾಶ್ ಸಿಂಗ್ ಬಾದಲ್ಲರ ಸಲಹೆಯಂತೆ ವಿಧಾನಸಭೆಯ ವಿಸರ್ಜನೆ, ಆ ವರ್ಷದ ಡಿಸೆಂಬರಿನಲ್ಲಿ ಗಡಿಯ ಮೇಲೆ ಯುದ್ಧ. ಇವುಗಳ ನಡುವೆ ಗುರುನಾನಕರ ಐನೂರನೆಯ ಜಯಂತಿಯ ನೆನಪಿಗಾಗಿ 1969ರ ನವೆಂಬರಿನಲ್ಲಿ ಅಮೃತಸರದಲ್ಲಿ ಹೊಸ ವಿಶ್ವವಿದ್ಯಾಲಯವೊಂದು ಆರಂಭವಾಯಿತು. ರಾಜ್ಯಪಾಲರೆಂಬ ಕಾರಣದಿಂದ ಅದಕ್ಕೂ ಕುಲಾಧಿಪತಿಗಳಾಗಿದ್ದ ಪಾವಟೆಯವರಿಗೆ ಧಾರವಾಡದ ಗುಡ್ಡ ನೆನಪಾಗದೆ ಇದ್ದಿರಲಾರದು. 1973ರ ಮೇ ತಿಂಗಳಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ರಾಜ್ಯಪಾಲನಾಗಿ ಕಳೆದ ದಿನಗಳ ಬಗೆಗಿನ ಅವರ ಇಂಗ್ಲಿಷ್ ಗ್ರಂಥವು 1974ರಲ್ಲಿ ಪ್ರಕಟವಾಯಿತು. ಬದುಕಿರುವ ರಾಜಕಾರಣಿಗಳ ಬಗೆಗೆ ಇಷ್ಟು ಬೇಗ ಬರೆಯುವ ರಾಜ್ಯಪಾಲರು ವಿರಳ.

1979ರಲ್ಲಿ ಪಾವಟೆಯವರು ಲಿಂಗೈಕ್ಯರಾದರು. ಅವರು ಕಟ್ಟಿ ಬೆಳೆಸಿದ ವಿಶ್ವವಿದ್ಯಾಲಯದ ಆವರಣಕ್ಕೆ ಪಾವಟೆ ನಗರವೆಂದು ಹೆಸರು. ಅದರ ವಿಶಾಲವಾದ ಕ್ಷೇತ್ರವು ಕಾಲಕ್ರಮದಲ್ಲಿ ಹಂಚಿಹೋಯಿತು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವು ಹುಟ್ಟಿ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು ಅದಕ್ಕೆ ಸೇರಿದವು. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳವು ಜಿಲ್ಲೆಯಾಯಿತು. 2010ರಲ್ಲಿ ಬಳ್ಳಾರಿಯಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ಆರಂಭವಾಗಿ ಕೊಪ್ಪಳದ ಕಾಲೇಜುಗಳು ಅಲ್ಲಿಗೆ ಹೋದವು. ಅದೇ ವರ್ಷ ಪಾವಟೆಯವರ ಹುಟ್ಟೂರಿನ ಜಿಲ್ಲೆಯು ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ಪಾಲಾಯಿತು. 2023ರಲ್ಲಿ ಕೊಪ್ಪಳ ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದಿತು. ಅವರ ಹೆಸರಿನ ಪ್ರತಿಷ್ಠಾನವೊಂದು ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಕರ್ನಾಟಕದ ತರುಣ ವಿದ್ವಾಂಸರಿಗಾಗಿ ಸಂದರ್ಶಕ ಫೆಲೋಶಿಪ್ಪನ್ನು ಏರ್ಪಡಿಸಿತು. ಅದರ ನೆರವಿನಿಂದ ಈ ನಾಡಿನ ಅಧ್ಯಾಪಕರು ಮತ್ತು ಅಧಿಕಾರಿಗಳು ಕೇಂಬ್ರಿಜಿಗೆ ಹೋಗಿ ಕೆಲಕಾಲ ಓದಿ ಬಂದಿದ್ದಾರೆ.